ಬೆಣೆ ತೆಗೆಯುವ ಮೊದಲು

ಮಾಳ
9 ಜುಲೈ 2006

ಶಂಕುಣ್ಣೀ,

ಅಕ್ಷರ ಸೊಟ್ಟಗಿದೆ ಅಂತ ನಾನು ಕುಡಿದಿದ್ದೇನೆ ಅಂದುಕೊಳ್ಳಬೇಡ. ಅಂಗಾತ ಮಲಗಿಕೊಂಡು, ಎದೆಯ ಮೇಲೆ ಹಲಗೆ ನಿಲ್ಲಿಸಿ ಬರೆಯುತ್ತಿದ್ದೇನೆ. ಬಾಲ್‌ಪೆನ್ನನ್ನು ಮೇಲ್ಮುಖವಾಗಿ ಹಿಡಿದರೆ ನಾಲ್ಕು ಅಕ್ಷರ ಬರೆದು ನಿಂತುಹೋಗುತ್ತದೆ. ಹಾಗಾಗಿ ಪೆನ್ಸಿಲ್. ನಿನ್ನದೇ, ಆ ಕೆಂಪು ಬಣ್ಣದ ಚಪ್ಪಟೆ ಪೆನ್ಸಿಲ್. ನನ್ನ ಹತಾರದ ಚೀಲದ ತಳದಲ್ಲಿ ಹನ್ನೊಂದು ವರ್ಷದಿಂದ ಬಿದ್ದಿತ್ತು.

ನಿನ್ನ ತಂಗಿ ವಿಳಾಸ ಕೊಟ್ಟಳು. ಬೇಪೂರಿನಲ್ಲಿ ಮರದ ಹಡಗು ಕಟ್ಟುವ ಕಡೆ ಇದ್ದೀಯಂತೆ. ಅಲ್ಲಿಯ ಫೋನ್ ನಂಬರನ್ನೂ ಕೊಟ್ಟಳು, ನಾನು ಮಾಡಲಿಲ್ಲ. ಫೋನನ್ನು ನೀನು ಇಟ್ಟುಬಿಡಬಹುದು. ಕಾಗದವನ್ನಾದರೆ ಹರಿಯುವ ಮೊದಲು ಎರಡು ಸಾಲು ಓದಿಯೇ ಓದುತ್ತೀಯ.

ವಿಷಯ ಇದು. ಎರಡು ವರ್ಷದ ಹಿಂದೆ ನನ್ನ ಎಡಗಡೆಯ ಮೂತ್ರಪಿಂಡವನ್ನು ಗಡ್ಡೆಯ ಸಮೇತ ತೆಗೆದರು. ಕ್ಯಾನ್ಸರು. ಮುಗಿಯಿತು ಅಂದುಕೊಂಡೆವು. ಈ ಜನವರಿಯಲ್ಲಿ ಅನ್ನಮನಡದ ಒಂದು ಮನೆಯಲ್ಲಿ ಗಾರೆ ಬಾಂಡ್ಲಿ ಎತ್ತಲು ಬಗ್ಗಿದೆ. ಬೆನ್ನಿನೊಳಗೆ ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು. ಆ ದಿನದಿಂದ ನಾನು ನೆಟ್ಟಗೆ ನಿಂತಿಲ್ಲ. ರೋಗ ಬೆನ್ನುಮೂಳೆಗೆ ಬಂದಿದೆ. ಸೊಂಟದ ಹತ್ತಿರದ ಒಂದು ಮಣಿಯನ್ನು ಒಳಗಿನಿಂದ ತಿಂದು, ಅದು ಅರ್ಧಕ್ಕೆ ಕುಸಿದಿದೆ. ಡಾಕ್ಟರ್ ಚಿತ್ರ ತೋರಿಸಿದರು. ಹೊರಗೆ ಗಿಲಾವು ನುಣುಪು, ಒಳಗೆ ಟೊಳ್ಳು. ಕರಣೆಯ ಹಿಡಿಯಿಂದ ಕುಟ್ಟಿದರೆ ಸದ್ದಿನಲ್ಲೇ ಗೊತ್ತಾಗುವಂಥ ಗೋಡೆ.

ಮಗ್ಗುಲು ಬದಲಿಸಲು ಇಪ್ಪತ್ತು ನಿಮಿಷ ಬೇಕು. ಕೆಮ್ಮು ಬಂದರೆ ಹೆದರಿಕೆ. ಸೀನು ಬರುವ ಹಾಗಾದರೆ ಕೊಚ್ಚುತ್ರೇಸ್ಯ ಓಡಿ ಬಂದು ನನ್ನ ಮೂಗು ಹಿಡಿಯುತ್ತಾಳೆ. "ಮೂವತ್ತು ವರ್ಷದಿಂದ ನಿಮ್ಮ ಮೂಗು ಹಿಡಿದು ಆಡಿಸಬೇಕು ಅಂತಿದ್ದೆ, ಕರ್ತ ಹೀಗೆ ನಡೆಸಿಕೊಟ್ಟ" ಅನ್ನುತ್ತಾಳೆ. ಹತ್ತು ಸಲ ಕರೆಂಟು, ಅದೇ ರೇಡಿಯೇಶನ್, ಕೊಟ್ಟರು. ಕಾಲು ಭಾಗ ನೋವು ಹೋಯಿತು, ಮುಕ್ಕಾಲು ಉಳಿಯಿತು. ಮಾತ್ರೆ ನುಂಗಿದರೆ ನೋವಿನ ಜೊತೆಗೆ ನಾನೂ ಮಲಗಿಬಿಡುತ್ತೇನೆ.

ಈಗ ಎರ್ನಾಕುಳಂನ ಆಸ್ಪತ್ರೆಯಲ್ಲಿ ಸುಹರಾ ಅಂತ ಒಬ್ಬ ಡಾಕ್ಟರ್ ಇದ್ದಾರೆ. ನಮ್ಮ ರೋಸಿಲಿಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಅಪ್ಪಚ್ಚಾ, ಬೆನ್ನಲ್ಲಿ ಒಂದು ಸೂಜಿ ಇಳಿಸ್ತೀವಿ. ಕೊಯ್ಯೋದು ಗಿಯ್ಯೋದು ಇಲ್ಲ. ಸೂಜಿ ತುದಿ ಕಾಯಿಸಿ ಅಲ್ಲಿರೋ ಗಡ್ಡೆ ಸುಡ್ತೀವಿ. ಆಮೇಲೆ ಆ ಟೊಳ್ಳಿಗೆ ಸಿಮೆಂಟ್ ತುಂಬ್ತೀವಿ."

"ಯಾವ ಸಿಮೆಂಟು?"

"ಮೂಳೆ ಸಿಮೆಂಟು."

"ಮರಳು ಎಷ್ಟಕ್ಕೆ ಎಷ್ಟು?"

"ಮರಳಿಲ್ಲ."

"ನೀರು?"

"ನೀರೂ ಇಲ್ಲ. ಪುಡಿಗೆ ಬೇರೆ ಒಂದು ದ್ರವ ಹಾಕಿ ಕಲಸ್ತೀವಿ."

"ಎಷ್ಟು ಬಾಂಡ್ಲಿ?"

"ಒಂದು ಚಮಚ."

"ಒಂದು ಚಮಚ ಸಿಮೆಂಟಲ್ಲಿ ಇಲಿ ಬಿಲಾನೂ ಮುಚ್ಚಕ್ಕಾಗಲ್ಲ ಮಗಳೇ."

"ನಿಮ್ಮ ಬೆನ್ನಲ್ಲಿ ಇಲಿ ಇಲ್ವಲ್ಲ ಅಪ್ಪಚ್ಚಾ, ಸಾಕಾಗತ್ತೆ."

ಇದು ರೋಗಕ್ಕಲ್ಲ, ನೋವಿಗೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ರೋಗಕ್ಕೆ ಬೇರೆ ಮಾತ್ರೆಯಂತೆ, ಅದು ತನ್ನ ಪಾಡಿಗೆ ನಡೆಯುತ್ತದಂತೆ. ನೋವು ಹೋದರೆ ಎದ್ದು ಓಡಾಡಬಹುದು, ಉಳಿದ ದಿನ ದಿನದ ಹಾಗೆ ಇರುತ್ತದೆ ಅಂದರು. ಅಲ್ಲಿಯವರೆಗೂ ಒಪ್ಪಿದೆ. ಆಮೇಲೆ, ಆ ಸಿಮೆಂಟು ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಎರಡು ಗಂಟೆ ಬಿಟ್ಟು ನಡೆಯಬಹುದು ಅಂದರು. ಅಲ್ಲಿ ನನ್ನ ನಂಬಿಕೆ ಹೋಯಿತು.

ಶಂಕುಣ್ಣೀ, ಯಾವ ಸಿಮೆಂಟು ಎರಡು ಗಂಟೆಯಲ್ಲಿ ಭಾರ ಹೊರುತ್ತದೆ? ನಾನು ತಾರಸಿ ಹಾಕುವವನು. ಅದು ಗಟ್ಟಿಯಾಗುವವರೆಗೆ ಹಲಗೆ ಕಂಬದ ಆಸರೆ ಕೊಟ್ಟು ಕೆಳಗಿನಿಂದ ಹೊತ್ತು ನಿಲ್ಲಿಸುತ್ತಿದ್ದವನು ನೀನು. ಎಷ್ಟು ದಿನ ಆಸರೆಯನ್ನು ಹಾಗೇ ಬಿಡಬೇಕು ಅನ್ನುವುದನ್ನು ನಿನ್ನನ್ನು ಬಿಟ್ಟು ಬೇರೆ ಯಾರನ್ನೂ ನಾನು ಕೇಳಿದವನಲ್ಲ.

ಬರೆ.

ಔಸೇಪ್


ಬೇಪೂರು
22 ಜುಲೈ 2006

ಔಸೇಪ್ ಮೇಸ್ತ್ರಿಗೆ,

ಪತ್ರ ಬಂತು. ರೋಗದ ವಿಷಯ ಓದಿ ಬೇಸರವಾಯಿತು.

ಸಿಮೆಂಟಿನ ಸಂಗತಿ ನನಗೆ ಗೊತ್ತಿಲ್ಲ. ಹನ್ನೊಂದು ವರ್ಷದಿಂದ ಮುಟ್ಟಿಲ್ಲ. ಇಲ್ಲಿ ಮರ, ಹತ್ತಿ, ಎಣ್ಣೆ, ಕಬ್ಬಿಣದ ಮೊಳೆ ಇಷ್ಟೇ. ಓದಿದವರು ಹೇಳಿದಂತೆ ಕೇಳು.

ಆಸರೆ ಯಾವಾಗ ಬಿಚ್ಚಬೇಕು ಎಂದು ನನ್ನನ್ನು ಕೇಳಬೇಡ. ಯಾರನ್ನು ಕೇಳಿದರೂ ನನ್ನನ್ನು ಕೇಳಬೇಡ.

ಪೆನ್ಸಿಲ್ ನನ್ನದು ಅಂತ ನೆನಪಿದೆಯಲ್ಲ, ಸಂತೋಷ. ಅದು ವಾಪಸು ಬೇಕು.

ಶಂಕುಣ್ಣಿ ಆಚಾರಿ


ಮಾಳ
6 ಆಗಸ್ಟ್ 2006

ಶಂಕುಣ್ಣೀ,

ನಿನ್ನ ಕಾರ್ಡು ತಲೆದಿಂಬಿನ ಕೆಳಗಿದೆ. ಏಳು ಸಾಲು ಬರೆದಿದ್ದೀಯ. ನಾನು ಒಂದು ಸಾಲೂ ಬರುವುದಿಲ್ಲ ಅಂದುಕೊಂಡಿದ್ದೆ.

ಮೊನ್ನೆ ಒಂದನೇ ತಾರೀಕು ಕೆಲಸ ಆಯಿತು. ಬೋರಲು ಮಲಗಿಸಿದರು. ಅದೇ ದೊಡ್ಡ ಕಷ್ಟ, ಆ ಹತ್ತು ನಿಮಿಷ ನನ್ನ ಶತ್ರುವಿಗೂ ಬೇಡ. ಆಮೇಲೆ ಬೆನ್ನಿಗೆ ಮರಗಟ್ಟಿಸುವ ಚುಚ್ಚುಮದ್ದು. ನಿದ್ದೆ ಬರಿಸಲಿಲ್ಲ, ಪೂರ್ತಿ ಎಚ್ಚರವಿದ್ದೆ. ಮೇಲೆ ಬಾಗಿಲ ಕಮಾನಿನಂಥ ಒಂದು ಯಂತ್ರ ಆ ಕಡೆಗೂ ಈ ಕಡೆಗೂ ತಿರುಗುತ್ತಿತ್ತು. ನನ್ನ ಮೂಳೆ ಪರದೆಯ ಮೇಲೆ ಅವರಿಗೆ ಕಾಣುತ್ತಿತ್ತು. ಕಾಣದೆ ಏನನ್ನೂ ಮಾಡುವುದಿಲ್ಲ ಅಂದಿದ್ದರು. ಅದು ನನಗೆ ಹಿಡಿಸಿತು.

ಸೂಜಿಯೆಂದರೆ ಸೂಜಿಯಲ್ಲ, ಸೈಕಲ್ ಕಡ್ಡಿಗಿಂತ ದಪ್ಪ. ಅದನ್ನು ಮೂಳೆಯೊಳಕ್ಕೆ ಹೇಗೆ ಇಳಿಸುತ್ತಾರೆ ಗೊತ್ತೇ? ಸುತ್ತಿಗೆಯಿಂದ. ಪುಟ್ಟ ಸುತ್ತಿಗೆ. ಟಕ್, ಟಕ್, ನಿಲ್ಲಿಸಿ ನೋಡುವುದು, ಮತ್ತೆ ಟಕ್. ಆ ಸದ್ದು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಕೈ ಚೆನ್ನಾಗಿದೆ, ಅವಸರವಿಲ್ಲ. "ಮಗಳೇ, ನಿನಗೆ ಈ ಕೆಲಸ ಬೇಡ ಅನ್ನಿಸಿದ ದಿನ ನನ್ನ ಹತ್ರ ಬಾ, ದಿನಗೂಲಿ ಕೊಡಿಸ್ತೀನಿ" ಅಂದೆ. "ಅಲ್ಲಾಡಬೇಡಿ ಅಪ್ಪಚ್ಚಾ, ನಗಿಸಲೂಬೇಡಿ" ಅಂದರು.

ಗಡ್ಡೆ ಸುಟ್ಟಾಗ ಒಳಗೆ ಬಿಸಿ ಅನ್ನಿಸಿತು. ಸಿಮೆಂಟು ಹೋದಾಗ ಒತ್ತಿದ ಹಾಗಾಯಿತು. ಕಲಸಿ ಮಿಕ್ಕಿದ್ದನ್ನು ನರ್ಸು ಉಂಡೆ ಮಾಡಿ ಬಟ್ಟಲಿನಲ್ಲಿ ಇಟ್ಟುಕೊಂಡಿದ್ದಳು. ಹೊರಗಿನ ಉಂಡೆ ಗಟ್ಟಿಯಾದರೆ ಒಳಗಿನದೂ ಗಟ್ಟಿಯಾಯಿತು ಅಂತ ಲೆಕ್ಕ. ಕೊನೆಗೆ ಡಾಕ್ಟರು ಆ ಉಂಡೆಯನ್ನು ನನ್ನ ಅಂಗೈಯಲ್ಲಿಟ್ಟರು. ಗೋಲಿಯಷ್ಟಿದೆ. ಇನ್ನೂ ಬೆಚ್ಚಗಿತ್ತು. ಉಗುರಿನಿಂದ ಕೆರೆದೆ, ಗೀರು ಬೀಳಲಿಲ್ಲ.

ಆ ದಿನ ಸಂಜೆ ನಾನು ಸೀನಿದೆ. ಕೊಚ್ಚುತ್ರೇಸ್ಯ ಚಹಾ ತರಲು ಹೋಗಿದ್ದಳು, ಮೂಗು ಹಿಡಿಯುವವರಿಲ್ಲ. ಸೀನು ಬಂದೇಬಿಟ್ಟಿತು. ಕಣ್ಣು ಮುಚ್ಚಿಕೊಂಡು ಕಾದೆ. ಏನೂ ಆಗಲಿಲ್ಲ. ಆರು ತಿಂಗಳಾದ ಮೇಲೆ ಒಬ್ಬ ಮನುಷ್ಯ ಸೀನಿ ಸುಮ್ಮನೆ ಮಲಗಿದ್ದ, ಅಷ್ಟೇ. ನಾನು ಅತ್ತೆ ಅಂತ ಯಾರಿಗೂ ಹೇಳಿಲ್ಲ.

ಎದ್ದು ನಿಲ್ಲಿ ಅಂದರು. ತಲೆ ಸುತ್ತುತ್ತಿದೆ ಅಂದೆ. ಮರುದಿನವೂ ಅದನ್ನೇ ಅಂದೆ. ಹತ್ತು ನಿಮಿಷದ ಉಂಡೆ ಗಟ್ಟಿಯಿರಬಹುದು, ಅದರ ಮೇಲೆ ಯಾರೂ ಕುಳಿತಿಲ್ಲವಲ್ಲ. ನಮ್ಮ ತಾರಸಿಯ ಲೆಕ್ಕದಲ್ಲಿ ಇಪ್ಪತ್ತೊಂದು ದಿನ ಅಂದರೆ ಇಪ್ಪತ್ತೊಂದು ದಿನ. ಮನೆಗೆ ಬಂದು ಎರಡೂ ಮಗ್ಗುಲಿಗೆ ಮರಳಿನ ಚೀಲ ಇಡಿಸಿಕೊಂಡಿದ್ದೇನೆ. ಮೊಣಕಾಲಿನ ಕೆಳಗೆ ದಿಂಬು. ರೋಸಿಲಿ ಬೆಳಿಗ್ಗೆ ಸಂಜೆ ನನ್ನನ್ನು ಮರದ ದಿಮ್ಮಿಯಂತೆ ಹೊರಳಿಸಿ ಬೆನ್ನಿಗೆ ಒದ್ದೆ ಬಟ್ಟೆ ಹಾಕುತ್ತಾಳೆ. ಹೊಸ ಸಿಮೆಂಟಿಗೆ ನೀರು ಉಣಿಸದೆ ಬಿಟ್ಟರೆ ಬಿರುಕು ಬಿಡುತ್ತದೆ. ಅವಳು ನಗುತ್ತಾಳೆ, ನಗಲಿ.

ಗೋಡೆಯ ಮೇಲೆ ನಿನ್ನ ಪೆನ್ಸಿಲಿನಿಂದ ದಿನಕ್ಕೊಂದು ಗೀಟು ಎಳೆಯುತ್ತಿದ್ದೇನೆ. ಇವತ್ತಿಗೆ ಐದು.

ಔಸೇಪ್


ಮಾಳ
2 ಸೆಪ್ಟೆಂಬರ್ 2006

ಶಂಕುಣ್ಣಿ ಮಾಮನಿಗೆ,

ನಾನು ರೋಸಿಲಿ, ಔಸೇಪ್ ಮೇಸ್ತ್ರಿಯ ಮಗಳು. ನೀವು ಊರು ಬಿಟ್ಟಾಗ ನನಗೆ ಹದಿನಾಲ್ಕು. ನೀವು ಮಾಡಿಕೊಟ್ಟ ಮೂರು ಕಾಲಿನ ಮಣೆಯ ಮೇಲೆ ಕುಳಿತೇ ಈ ಪತ್ರ ಬರೆಯುತ್ತಿದ್ದೇನೆ. ಈಗ ಅಂಗನವಾಡಿಯಲ್ಲಿ ಟೀಚರ್ ಆಗಿದ್ದೇನೆ. ನಾನು ಬರೆಯುತ್ತಿರುವುದು ಅಪ್ಪಚ್ಚನಿಗೆ ಗೊತ್ತಿಲ್ಲ.

ಗೋಡೆಯ ಮೇಲೆ ಗೀಟುಗಳು ಇಪ್ಪತ್ತೊಂದಾದವು. ಆ ದಿನ ಅಮ್ಮ ಕೋಳಿ ಸಾರು ಮಾಡಿದ್ದರು. ಅಪ್ಪಚ್ಚ ಏಳಲಿಲ್ಲ. ಮಳೆಗಾಲದಲ್ಲಿ ಸಿಮೆಂಟು ನಿಧಾನ, ಇಪ್ಪತ್ತೆಂಟು ಆಗಲಿ ಅಂದರು. ಇಪ್ಪತ್ತೆಂಟೂ ಆಯಿತು. ಈಗ ನಲವತ್ತೈದು ಅನ್ನುತ್ತಿದ್ದಾರೆ. ನೋವಿಲ್ಲ ಮಾಮ, ಅದು ನಿಜ. ಮಾತ್ರೆ ಅರ್ಧಕ್ಕಿಂತ ಕಡಿಮೆಯಾಗಿದೆ, ರಾತ್ರಿಯಿಡೀ ಗೊರಕೆ ಹೊಡೆಯುತ್ತಾರೆ. ಆದರೆ ತೊಡೆಗಳು ನನ್ನ ತೋಳಿನಷ್ಟಾಗಿವೆ. ಬೆನ್ನ ಕೆಳಗೆ ಚರ್ಮ ಕೆಂಪಗಾಗಿದೆ.

ಹೋದ ವಾರ ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡೇ ಎರ್ನಾಕುಳಂಗೆ ಕರೆದುಕೊಂಡು ಹೋದೆವು. ಡಾಕ್ಟರ್ ಮತ್ತೆ ಚಿತ್ರ ತೆಗೆಸಿ, ಬಿಳಿ ಚುಕ್ಕೆಯನ್ನು ತೋರಿಸಿ, "ಅಪ್ಪಚ್ಚಾ, ಇದು ಕಲ್ಲು. ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರು.

"ನಿಮ್ಮ ಮೇಲಿದೆ ಮಗಳೇ."

"ಸಿಮೆಂಟಿನ ಮೇಲೆ?"

"ಅದರ ಮೇಲೂ ಇದೆ."

"ಮತ್ತೆ ಯಾರ ಮೇಲಿಲ್ಲ?"

ಅಪ್ಪಚ್ಚ ಕಣ್ಣು ಮುಚ್ಚಿಕೊಂಡರು. ಡಾಕ್ಟರ್ ನನ್ನನ್ನು ಹೊರಗೆ ಕರೆದರು. ಹೀಗೇ ಇನ್ನೊಂದು ತಿಂಗಳು ಮಲಗಿದರೆ ಕಾಲುಗಳು ಕೆಲಸ ಮರೆಯುತ್ತವೆ, ಎದೆಯಲ್ಲಿ ಕಫ ಕಟ್ಟುತ್ತದೆ, ರೋಗ ಕೊಡುವ ದಿನಗಳನ್ನು ಈ ಹಾಸಿಗೆ ಕಿತ್ತುಕೊಳ್ಳುತ್ತದೆ ಅಂದರು. "ಸಿಮೆಂಟ್ ತುಂಬೋದು ನನಗೆ ಗೊತ್ತು ರೋಸಿಲಿ. ಆಸರೆ ಬಿಚ್ಚೋರನ್ನ ನಾನೆಲ್ಲಿಂದ ತರಲಿ?"

ಮನೆಗೆ ಬಂದ ಮೇಲೆ ನಾನು ಜಗಳ ಮಾಡಿದೆ. ಮರಳಿನ ಚೀಲ ಎತ್ತಲು ಹೋದೆ. ಅಪ್ಪಚ್ಚ ಕೂಗಿಬಿಟ್ಟರು: "ಮುಟ್ಟಬೇಡ! ಅದನ್ನ ಬಿಚ್ಚೋ ಹಕ್ಕು ನಿಂಗಿಲ್ಲ. ಅವನಿಗೊಬ್ಬನಿಗೇ ಇರೋದು." ಆಮೇಲೆ ಗೋಡೆಗೆ ಮುಖ ತಿರುಗಿಸಿ, "ಒಂಬತ್ತನೇ ದಿನ ಬಿತ್ತಲ್ಲೇ" ಅಂದರು. ಪೌಲೋಸ್ ಅವರ ಮನೆಯ ಪೋರ್ಟಿಕೊ ಬಿದ್ದ ವಿಷಯ ಅಂತ ನನಗೆ ಗೊತ್ತು. ಅಲ್ಲಿ ಏನಾಯಿತು ಅಂತ ಅಮ್ಮನನ್ನು ಕೇಳಿದರೆ, "ಗಂಡಸರ ಕೆಲಸದ ಮಾತು ನಂಗೇನು ಗೊತ್ತು" ಅನ್ನುತ್ತಾರೆ. ಅವರಿಗೆ ಗೊತ್ತಿಲ್ಲದ್ದು ಈ ಮಾಳದಲ್ಲಿ ಯಾವುದೂ ಇಲ್ಲ.

ನಿಮಗೆ ನಮ್ಮ ಮೇಲೆ ಸಿಟ್ಟಿರಬಹುದು. ಆದರೂ ಕೇಳುತ್ತಿದ್ದೇನೆ. ನಿಮ್ಮ ಹತ್ತಿರದ ಫರೋಕಿನಿಂದ ನಮ್ಮ ಚಾಲಕುಡಿಗೆ ರೈಲಿನಲ್ಲಿ ನಾಲ್ಕೇ ಗಂಟೆಯ ದಾರಿ. ಬನ್ನಿ ಮಾಮ.

ನಿಮ್ಮ
ರೋಸಿಲಿ


ಬೇಪೂರು
10 ಸೆಪ್ಟೆಂಬರ್ 2006

ಔಸೇಪೇ,

ನಿನ್ನ ಮಗಳು ಬರೆದಳು. ಅವಳನ್ನು ಬೈಯಬೇಡ.

ನಮ್ಮ ಪದ್ಧತಿ ನಿನಗೆ ನೆನಪಿರಬೇಕು. ಆದರೂ ಬರೆಯುತ್ತೇನೆ, ಯಾಕೆಂದರೆ ಅವಳಿಂದ ಇದನ್ನು ಓದಿಸಿಕೊಳ್ಳುತ್ತೀಯ, ಅವಳಿಗೂ ತಿಳಿಯಲಿ. ತಾರಸಿ ಹಾಕಿದ ಮೇಲೆ ನೀನು ಅದರ ಮೇಲೆ ನಿಲ್ಲುತ್ತಿದ್ದೆ, ನಾನು ಕೆಳಗೆ ಕಂಬಗಳ ನಡುವೆ. ನಿನಗೆ ನಾನು ಕಾಣುತ್ತಿರಲಿಲ್ಲ, ನನಗೆ ನೀನು ಕಾಣುತ್ತಿರಲಿಲ್ಲ. ಕಂಬದ ಬುಡದ ಬೆಣೆಗೆ ಸುತ್ತಿಗೆ ಇಡುವ ಮೊದಲು "ಮೇಸ್ತ್ರೀ, ಬಿಚ್ಚಲಾ?" ಎಂದು ನಾನು ಮೂರು ಸಲ ಕೂಗುತ್ತಿದ್ದೆ. ಎರಡು ಸಲ ನೀನು ಸುಮ್ಮನಿದ್ದು ಕಾಲಿನಿಂದ ಕುಟ್ಟಿ ನೋಡುತ್ತಿದ್ದೆ. ಮೂರನೆಯದಕ್ಕೆ "ಬಿಚ್ಚು" ಅನ್ನುತ್ತಿದ್ದೆ. ಇಪ್ಪತ್ತಾರು ಮನೆ ಹಾಗೆ ಮಾಡಿದೆವು. ಒಂದು ಸಣ್ಣ ಬಿರುಕೂ ಬಿಡಲಿಲ್ಲ.

ಪೌಲೋಸನ ಮನೆಯಲ್ಲಿ, ಹೊರದೇಶದ ಕೆಲಸದಿಂದ ಬಂದಿದ್ದ ಅವನ ರಜೆ ಮುಗಿಯುತ್ತಿತ್ತು. ಮನೆ ಆಶೀರ್ವಾದಕ್ಕೆ ಪಾದ್ರಿ ದಿನ ಕೊಟ್ಟಿದ್ದರು. ಒಂಬತ್ತನೇ ದಿನಕ್ಕೇ ಬಿಚ್ಚಿ ಎಂದು ಅವನು ನಿನ್ನ ಹಿಂದೆ ಮುಂದೆ ಸುತ್ತುತ್ತಿದ್ದ. ಆ ದಿನ ನೀನು ಮೇಲೆ ಹತ್ತಲಿಲ್ಲ. ಅಂಗಳದಲ್ಲಿ ಅವನ ಪಕ್ಕ ನಿಂತು ಬೀಡಿ ಸೇದುತ್ತಿದ್ದೆ. ನಾನು ಒಂದು ಸಲ ಕೇಳಿದೆ. ಎರಡನೇ ಸಲ ಕೇಳಿದೆ. ನೀನು ನನ್ನ ಕಡೆ ನೋಡಿ, ಆಗಲಿ ಅನ್ನುವ ಹಾಗೆ ಕೈ ಬೀಸಿದೆ. ಬಾಯಿ ಬಿಡಲಿಲ್ಲ. ನಾನು ಮೂರನೇ ಸಲ ಕೇಳಲಿಲ್ಲ. ಅದು ನನ್ನ ತಪ್ಪು, ಹನ್ನೊಂದು ವರ್ಷದಿಂದ ಅದನ್ನು ನಾನೇ ಇಟ್ಟುಕೊಂಡಿದ್ದೇನೆ.

ಬಿತ್ತು. ನನ್ನ ಮಣಿಕಟ್ಟು ಹಲಗೆಯ ಕೆಳಗಿತ್ತು. ದೂಳು ಇಳಿಯುವ ಮೊದಲೇ ಪೌಲೋಸ "ಯಾರು ಹೇಳಿದ್ದು ಬಿಚ್ಚೋಕೆ?" ಅಂದ. ನೀನು "ನಾನು ಹೇಳಿಲ್ಲ" ಅಂದೆ. ಸುಳ್ಳಲ್ಲ. ನೀನು ಹೇಳಿರಲಿಲ್ಲ. ಆದರೆ ಆ ಅಂಗಳದಲ್ಲಿದ್ದ ಹದಿನೈದು ಜನ ಆಮೇಲೆ ನನ್ನನ್ನು ನೋಡಿದರು. ಮಾರನೆಯ ವಾರದಿಂದ ಮಾಳದಲ್ಲಿ ಯಾರೂ ನನ್ನ ಕೈಯಲ್ಲಿ ಕೋಳಿಗೂಡನ್ನೂ ಮಾಡಿಸಲಿಲ್ಲ.

ಇಲ್ಲಿ ನನಗೆ ಕೊರತೆಯಿಲ್ಲ. ಎಡಗೈ ಪೂರ್ತಿ ತಿರುಗುವುದಿಲ್ಲ, ಮಳೆ ಬರುವ ಹಿಂದಿನ ದಿನ ತಿಳಿಸುತ್ತದೆ. ಹಡಗಿನ ಕೆಲಸಕ್ಕೆ ಅದೂ ಒಂದು ಉಪಯೋಗ.

ಈಗ ಕೇಳು. ಬೇಗ ಬಿಚ್ಚಿದರೆ ಏನಾಗುತ್ತದೆ ಅಂತ ನಿನಗೆ ಗೊತ್ತು. ಬಿಚ್ಚದೇ ಬಿಟ್ಟರೆ ಏನಾಗುತ್ತದೆ ಅಂತ ನನಗೆ ಗೊತ್ತು. ಹಲಗೆಗೆ ಗೆದ್ದಲು ಹಿಡಿಯುತ್ತದೆ. ಹಲಗೆ ತಿಂದು ಮುಗಿಸಿದ ಗೆದ್ದಲು ಬಾಗಿಲಿಗೆ ಬರುತ್ತದೆ. ತಾರಸಿ ಗಟ್ಟಿಯಾಗಿಯೇ ಇರುತ್ತದೆ, ಮನೆ ಹಾಳಾಗುತ್ತದೆ.

ಇಪ್ಪತ್ನಾಲ್ಕನೇ ತಾರೀಕು ಭಾನುವಾರ. ನಾನು ಬಂದು ಕೇಳುತ್ತೇನೆ. ಮೂರು ಸಲ. ನೀನು ಬಾಯಿ ಬಿಟ್ಟು ಉತ್ತರ ಕೊಡಬೇಕು, ಕೈ ಬೀಸಬಾರದು, ಅದನ್ನು ಕೇಳಿಸಿಕೊಳ್ಳುವ ಜನ ಇರಬೇಕು. ಆಗುವುದಿಲ್ಲವಾದರೆ ಈಗಲೇ ಬರೆ, ರೈಲಿನ ಚೀಟಿ ಉಳಿಯುತ್ತದೆ.

ಶಂಕುಣ್ಣಿ


ಮಾಳ
14 ಸೆಪ್ಟೆಂಬರ್ 2006

ಶಂಕುಣ್ಣೀ,

ಬಾ.

ಪೌಲೋಸನಿಗೆ ಹೇಳಿ ಕಳಿಸಿದ್ದೇನೆ.

ಔಸೇಪ್


ಮಾಳ
26 ಸೆಪ್ಟೆಂಬರ್ 2006

ಡಾಕ್ಟರ್ ಸುಹರಾ ಅವರಿಗೆ ನಮಸ್ಕಾರ,

ನಿನ್ನೆ ಫೋನಿನಲ್ಲಿ "ನಿಂತರು" ಅಂದ ಕೂಡಲೇ ನೀವು "ಹೇಗೆ? ಬರೆದು ಕಳಿಸು, ಬೇರೆ ರೋಗಿಗಳಿಗೂ ಬೇಕಾಗತ್ತೆ" ಅಂದಿರಿ. ಬೇರೆ ರೋಗಿಗಳಿಗೆ ಇದು ಉಪಯೋಗಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಆದದ್ದನ್ನು ಬರೆಯುತ್ತೇನೆ.

ಭಾನುವಾರ ಹತ್ತೂವರೆಗೆ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಪೌಲೋಸ್ ಅವರು ಬಂದರು. ಅವರಿಗೂ ಈಗ ವಯಸ್ಸಾಗಿದೆ, ಕೋಲು ಹಿಡಿದೇ ನಡೆಯುತ್ತಾರೆ. ಪಕ್ಕದ ಮನೆಯವರು, ಅಪ್ಪಚ್ಚನ ಜೊತೆ ಕೆಲಸ ಮಾಡಿದ ಇಬ್ಬರು, ನಾನು, ಅಮ್ಮ. ಅಪ್ಪಚ್ಚ ಬೆಳಿಗ್ಗೆ ಏಳಕ್ಕೇ ಮುಖ ಕ್ಷೌರ ಮಾಡಿಸಿಕೊಂಡು, ಮಲಗಿಕೊಂಡೇ ಬಿಳಿ ಅಂಗಿ ಹಾಕಿಸಿಕೊಂಡಿದ್ದರು. "ಹೆಣ ಸಿಂಗರಿಸಿದ ಹಾಗಿದೆ, ಎದ್ದುಬಿಡಿ ಮನುಷ್ಯಾ, ನಂಗೆ ಹೆದರಿಕೆ ಆಗ್ತಿದೆ" ಅಂದರು ಅಮ್ಮ.

ಹನ್ನೊಂದು ದಾಟಿದ ಮೇಲೆ ಶಂಕುಣ್ಣಿ ಮಾಮ ಬಂದರು. ಒಂದು ಕೈಯಲ್ಲಿ ಕೋಳಿಕ್ಕೋಡಿನ ಹಲ್ವದ ಪೊಟ್ಟಣ, ಇನ್ನೊಂದರಲ್ಲಿ ಹತಾರದ ಚೀಲ. ಒಳಗೆ ಬಂದವರು ಅಪ್ಪಚ್ಚನನ್ನು ನೋಡಲಿಲ್ಲ. ಕಿಟಕಿಯ ಚೌಕಟ್ಟಿನ ಮೂಲೆಗೆ ಬೆರಳಿಟ್ಟು, "ಇದನ್ನ ಮಾಡಿದೋನು ಯಾರು?" ಅಂದರು.

"ನೀನು ಹೋದ್ಮೇಲೆ ಬಂದೋನು" ಅಂದರು ಅಪ್ಪಚ್ಚ.

"ಕಾಣ್ತಿದೆ."

ಹನ್ನೊಂದು ವರ್ಷದ ಮೇಲೆ ಅವರಿಬ್ಬರ ಮೊದಲ ಮಾತು ಇದು.

ನೀವು ಕೊಟ್ಟಿದ್ದ ಸಿಮೆಂಟಿನ ಉಂಡೆಯನ್ನು ಮಾಮ ಕೇಳಿ ತೆಗೆದುಕೊಂಡರು. ಹೊಸ್ತಿಲ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದರು. ಒಡೆಯಲಿಲ್ಲ. ಹೊಸ್ತಿಲಲ್ಲಿ ಸಣ್ಣ ಕುಳಿ ಬಿತ್ತು. ಅಮ್ಮ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಮಾಮ ಉಂಡೆಯನ್ನು ಅಪ್ಪಚ್ಚನ ಅಂಗೈಗೆ ಹಾಕಿ, ಮಂಚದ ಕಾಲಿನ ಬಳಿ ನೆಲದ ಮೇಲೆ ಕುಳಿತರು. ಅಲ್ಲಿಂದ ಅಪ್ಪಚ್ಚನ ಮುಖ ಅವರಿಗೆ ಕಾಣುವುದಿಲ್ಲ. ಬೇಕೆಂದೇ ಅಲ್ಲಿ ಕುಳಿತರು ಅಂತ ನನಗೆ ಆಮೇಲೆ ಹೊಳೆಯಿತು.

"ಮೇಸ್ತ್ರೀ, ಬಿಚ್ಚಲಾ?"

ಅಪ್ಪಚ್ಚ ಸೂರು ನೋಡುತ್ತಿದ್ದರು.

"ಮೇಸ್ತ್ರೀ, ಬಿಚ್ಚಲಾ?"

ಅಪ್ಪಚ್ಚನ ಕೈ ಹಾಸಿಗೆಯಿಂದ ನಾಲ್ಕು ಬೆರಳಿನಷ್ಟು ಮೇಲೆದ್ದಿತು. ನಾನು ನೋಡಿದೆ. ಮತ್ತೆ ಅದನ್ನು ಇಳಿಸಿ, ಇನ್ನೊಂದು ಕೈಯಿಂದ ಹಿಡಿದುಕೊಂಡರು.

"ಪೌಲೋಸೇ" ಅಂದರು. "ಅವತ್ತು ನಿನ್ನ ಮನೇಲಿ ಇವನು ಕೇಳಿದ್ದ. ಎರಡು ಸಲ ಕೇಳಿದ್ದ. ಕೈ ಬೀಸಿದ್ದು ನಾನು. ಇವನು ಕೇಳದೆ ಬಿಚ್ಚಿದೋನಲ್ಲ. ಹನ್ನೊಂದು ವರ್ಷ ನಾನು ಅದನ್ನ ಹೇಳಲಿಲ್ಲ."

ಪೌಲೋಸ್ ಅವರು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಒಂಬತ್ತಕ್ಕೇ ಬಿಚ್ಚಿ ಅಂತ ಜೀವ ತಿಂದೋನು ನಾನಲ್ವಾ ಔಸೇಪ್? ನನ್ನನ್ನ ಯಾರೂ ಕೇಳ್ಲೇ ಇಲ್ಲ. ನಾನೂ ಸುಮ್ಮನಿದ್ದೆ" ಅಂದರು. ಮಾಮನ ಕಡೆ ತಿರುಗಿ ಏನೋ ಹೇಳಹೊರಟವರು ಕೆಮ್ಮಿದರು.

ಮಾಮ ತಲೆ ಎತ್ತಲಿಲ್ಲ. ಆಮೇಲೆ ಮೂರನೇ ಸಲ ಕೇಳಿದರು. ಈ ಸಲ ಅವರ ದನಿ ಚಿಕ್ಕದಾಗಿತ್ತು.

"ಮೇಸ್ತ್ರೀ. ಬಿಚ್ಚಲಾ?"

"ಬಿಚ್ಚು!"

ಎಷ್ಟು ಜೋರೆಂದರೆ ಪಕ್ಕದ ಮನೆಯ ನಾಯಿ ಬೊಗಳಿತು.

ಮೊದಲು ಮೊಣಕಾಲ ಕೆಳಗಿನ ದಿಂಬು ತೆಗೆದರು. ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗಬೇಕಂತೆ. ಆಮೇಲೆ ಎಡಗಡೆಯ ಮರಳಿನ ಚೀಲ, ಬಲಗಡೆಯದು. ಪ್ರತಿಯೊಂದನ್ನು ತೆಗೆದಾಗಲೂ ನಿಲ್ಲಿಸಿ, ಕಿವಿಗೊಟ್ಟು ಕೇಳಿದರು. ಏನು ಕೇಳುತ್ತಿದ್ದರೋ ದೇವರಿಗೇ ಗೊತ್ತು. ನೀವು ಹೇಳಿಕೊಟ್ಟ ಹಾಗೆ ನಾನು ಅಪ್ಪಚ್ಚನನ್ನು ಮಗ್ಗುಲಿಗೆ ಹೊರಳಿಸಿ ಕೂರಿಸಿದೆ. ಕಾಲು ನೆಲಕ್ಕೆ ಮುಟ್ಟಿತು. ಮಾಮ ತಮ್ಮ ಎಡಗೈಯನ್ನು, ಪೂರ್ತಿ ತಿರುಗದ ಆ ಕೈಯನ್ನು, ಅಪ್ಪಚ್ಚನ ಕಂಕುಳ ಕೆಳಗೆ ಕೊಟ್ಟರು.

ನಿಂತರು.

"ಶಂಕುಣ್ಣೀ, ನಡುಗ್ತಿದೆ ಕಣೋ."

"ನಡುಗ್ತಿರೋದು ಕಾಲು. ತಾರಸಿ ನಿಂತಿದೆ."

ಅಮ್ಮ ಅಡುಗೆಮನೆಗೆ ಹೋದರು. ಬಹಳ ಹೊತ್ತು ಪಾತ್ರೆಯ ಸದ್ದು ಮಾಡುತ್ತಿದ್ದರು, ಒಂದು ಪಾತ್ರೆಯನ್ನೂ ತೊಳೆದಿರಲಿಲ್ಲ.

ಆ ದಿನ ಬಾಗಿಲವರೆಗೆ ಹೋಗಿ ಬಂದರು. ನಿನ್ನೆ ಬಾವಿಕಟ್ಟೆಯವರೆಗೆ. ನೋವಿಲ್ಲ, ಸುಸ್ತು ಇದೆ. ನೀವು ಹೇಳಿದ ಕಾಲಿನ ವ್ಯಾಯಾಮ ಮಾಡಿಸುತ್ತಿದ್ದೇನೆ. ಅಕ್ಟೋಬರ್ ಹದಿನಾರಕ್ಕೆ ನಿಮಗೆ ತೋರಿಸಲು ಬಸ್ಸಿನಲ್ಲೇ ಕರೆದುಕೊಂಡು ಬರಬಹುದೇ? ಆಂಬುಲೆನ್ಸಿನಲ್ಲಿ ಸತ್ತರೂ ಹತ್ತುವುದಿಲ್ಲ ಅನ್ನುತ್ತಿದ್ದಾರೆ.

ವಿಶ್ವಾಸದ
ರೋಸಿಲಿ


ಮಾಳ
17 ಡಿಸೆಂಬರ್ 2006

ಶಂಕುಣ್ಣೀ,

ನಿನ್ನ ಎರಡು ಕಾರ್ಡುಗಳೂ ಬಂದವು. ಹೊಸ್ತಿಲ ಕುಳಿ ಹಾಗೇ ಇದೆ. ಕೊಚ್ಚುತ್ರೇಸ್ಯ ದಿನಾ ಬೆಳಿಗ್ಗೆ ಗುಡಿಸುವಾಗ ನಿನಗೊಂದು ಬೈಗುಳ ಹಾಕುತ್ತಾಳೆ. ನಾನು ಮುಚ್ಚಿಕೊಡುತ್ತೇನೆ ಅಂದರೆ ಬೇಡ ಅನ್ನುತ್ತಾಳೆ.

ಹದಿನೈದು ದಿನದ ಹಿಂದೆ ಮತ್ತೆ ಚಿತ್ರ ತೆಗೆದರು. ನಮ್ಮ ಮಣಿ ಗಟ್ಟಿಯಾಗಿದೆ. ಮೇಲಿನ ಇನ್ನೊಂದರಲ್ಲಿ ಸಾಸಿವೆ ಗಾತ್ರದ ಒಂದು ಚುಕ್ಕೆ ಇದೆ. ಮಾತ್ರೆ ಬದಲಿಸಿದ್ದಾರೆ. ಅಲ್ಲಿ ನೋವು ಬಂದರೆ ಇನ್ನೊಂದು ಚಮಚ ಹಾಕೋಣ ಅಂದರು ಡಾಕ್ಟರು. "ಈ ಸಲ ನಾನೇ ಕಲಸಿಕೊಡ್ತೀನಿ" ಅಂದೆ. "ನೀವು ಕಲಸಿದ್ರೆ ನಲವತ್ತೈದು ದಿನ ಕಾಯಬೇಕಾಗತ್ತೆ" ಅಂದರು. ಎಷ್ಟು ಕಾಲ ಇದೆ ಅಂತ ರೋಸಿಲಿ ಅವರನ್ನು ಬಾಗಿಲ ಹೊರಗೆ ಕೇಳಿದ್ದು ನನಗೆ ಕೇಳಿಸಿತು. ದಿನ ಎಣಿಸಿ ಕೊಡುವುದು ತನ್ನ ಕೆಲಸವಲ್ಲ ಅಂದರಂತೆ. ಎಣಿಸುವುದರಲ್ಲಿ ನನಗಾದರೂ ಯಾವ ನಂಬಿಕೆ ಉಳಿದಿದೆ ಹೇಳು.

ಬೆಳಿಗ್ಗೆ ಇಗರ್ಜಿಯ ಗೇಟಿನವರೆಗೆ ನಡೆಯುತ್ತೇನೆ. ದಾರಿಯಲ್ಲಿ ನಾವು ಕಟ್ಟಿದ ಮನೆಗಳು ನಾಲ್ಕು ಸಿಗುತ್ತವೆ. ಒಂದೊಂದರ ಮುಂದೆಯೂ ನಿಲ್ಲುತ್ತೇನೆ. ಸುಸ್ತಿಗೆ ನಿಲ್ಲುತ್ತೇನೆ ಅಂದುಕೊಂಡು ಆ ಮನೆಯವರು ಕುರ್ಚಿ ತರುತ್ತಾರೆ, ಬೇಡ ಅನ್ನುವುದಿಲ್ಲ. ಮೊನ್ನೆ ಪೌಲೋಸ ಹಾಲಿಲ್ಲದ ಕಟ್ಟನ್ ಚಹಾ ಕೊಟ್ಟ. ಅವನ ಮಗ ಮಹಡಿ ಹಾಕಿಸಬೇಕು ಅಂತಿದ್ದಾನಂತೆ. ಆಸರೆಗೆ ಶಂಕುಣ್ಣಿ ಬರ್ತಾನಾ ಕೇಳು ಅಂದ. ಕೇಳಿದ್ದೇನೆ, ಅಷ್ಟೇ. ಹಡಗಿನವನಾಗಿಬಿಟ್ಟಿದ್ದೀಯ, ನಿನಗೆ ಬಿಟ್ಟದ್ದು.

ಜನವರಿಯಲ್ಲಿ ಹಡಗನ್ನು ನೀರಿಗೆ ಇಳಿಸುವ ದಿನ ಹೇಳು, ನಾನು ಬರುತ್ತೇನೆ. ಕೆಳಗಿನ ದಿಮ್ಮಿಗಳನ್ನು ತೆಗೆಯುವಾಗ ನೀವೂ ಕೂಗಿ ಕೇಳುತ್ತೀರಾ, ನನಗೆ ನೋಡಬೇಕು. ಕೂರಲು ಒಂದು ಬೆಂಚು ಇದ್ದರೆ ಸಾಕು.

ಈ ಪತ್ರ ಮಸಿಯಲ್ಲಿದೆ, ನೋಡಿದೆಯಾ? ನೀನು ಬೈದ ಆ ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು, ನಿಂತುಕೊಂಡು ಬರೆದೆ.

ಪೆನ್ಸಿಲ್ ಬರುವಾಗ ತರುತ್ತೇನೆ. ಅರ್ಧ ಸವೆದಿದೆ.

ಔಸೇಪ್